ಸಹಾಯ ಬೇಕು: ಮಲಾವಿಯ ಮಿಷನ್ ಶಾಲೆಯ ಸೋಲಾರ್ ಬ್ಯಾಟರಿ

ಎಲ್ಲರಿಗೂ ನಮಸ್ಕಾರ. ಆಫ್ರಿಕಾದಲ್ಲಿ ಸೇವೆ ಮಾಡಿದ ಸಿಸ್ಟರ್‌ಗಳು, ಫಾದರ್‌ಗಳು, ಮೇಷ್ಟ್ರುಗಳು ದಯವಿಟ್ಟು ನೋಡಿ.

ಇಲ್ಲಿ ಹಳ್ಳಿಗೆ ಕರೆಂಟ್ ಇಲ್ಲ. 8ನೇ ತರಗತಿಯ ಪರೀಕ್ಷೆ ಇಂಗ್ಲಿಷ್‌ನಲ್ಲಿ, ಮಕ್ಕಳ ಮನೆಮಾತು ಚಿಚೆವಾ. ಹಾಗಾಗಿ ಸಂಜೆ ಪ್ರಾರ್ಥನೆ ಮುಗಿದ ಮೇಲೆ 6.30ರಿಂದ 9.30ರ ಓದಿನ ಹೊತ್ತು ತಪ್ಪಿಸುವಂತಿಲ್ಲ. 150 ವ್ಯಾಟ್ ಪ್ಯಾನೆಲ್, 12 ವೋಲ್ಟ್ 100 ಆಂಪಿಯರ್-ಅವರ್ ನೀರು ಹಾಕುವ ಬ್ಯಾಟರಿ, 9 ವ್ಯಾಟಿನ 6 ಎಲ್‌ಇಡಿ ಬಲ್ಬ್. ಲೆಕ್ಕಕ್ಕೆ ರಾತ್ರಿಗೆ 162 ವ್ಯಾಟ್-ಅವರ್, ತುಂಬಿದ ಬ್ಯಾಟರಿಯಲ್ಲಿ 1200; ಅಂದರೆ ಅರ್ಧ ಬ್ಯಾಟರಿಯಲ್ಲೇ ಮೂರು ರಾತ್ರಿ ಸಾಗಬೇಕು. ಆದರೆ 8ಕ್ಕೇ ದೀಪ ಮಂಕು. ಬಿಸಿಲಲ್ಲಿ ದಿನವಿಡೀ ಚಾರ್ಜ್ ಆದರೂ ಎರಡು ಗಂಟೆ ಲೋಡ್ ಇಲ್ಲದೆ ಬಿಟ್ಟು ಅಳೆದರೆ 12.1 ವೋಲ್ಟ್ ಮಾತ್ರ, 12.7 ಇರಬೇಕಿತ್ತು.

ಅನುಮಾನ ಎರಡು. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಮಳೆಗಾಲದಲ್ಲಿ ಅರೆ ಚಾರ್ಜಿನಲ್ಲೇ ಕೂತು ಪ್ಲೇಟಿಗೆ ಸಲ್ಫೇಟ್ (ಚಾರ್ಜ್ ಹಿಡಿಯದಂತೆ ಮಾಡುವ ಗಟ್ಟಿ ಪದರ) ಹಿಡಿದಿರಬೇಕು. ಜೊತೆಗೆ ಡಿಸ್ಟಿಲ್ಡ್ ವಾಟರ್ ಬದಲು ಬೋರ್‌ವೆಲ್ ನೀರು ಸುರಿದಿದ್ದಾರೆ (ಕುಡಿಯಲು ಒಳ್ಳೆಯದು, ಬ್ಯಾಟರಿಗೆ ವಿಷ). ಚಾಪೆಲ್‌ನ ಕೀಬೋರ್ಡಿಗೆಂದು ಇನ್ವರ್ಟರ್ ರಾತ್ರಿಯಿಡೀ ಆನ್ ಇರುತ್ತಿತ್ತು, ಅದನ್ನು ಈಗ ನಿಲ್ಲಿಸಿದೆ.

ಈಕ್ವಲೈಸ್ ಚಾರ್ಜ್ (ಸಲ್ಫೇಟ್ ಬಿಡಿಸಲು ಬೇಕೆಂದೇ ಹೆಚ್ಚು ವೋಲ್ಟ್‌ನಲ್ಲಿ ಮಾಡುವ ಚಾರ್ಜ್) ಕೊಟ್ಟರೆ ಬ್ಯಾಟರಿ ಉಳಿದೀತೇ? ಎಷ್ಟು ವೋಲ್ಟ್, ಎಷ್ಟು ಗಂಟೆ? ಲಿಥಿಯಂ ಹಾಕುವುದಾದರೆ ಹಳೆಯ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜ್ ಹತೋಟಿಯಲ್ಲಿಡುವ ಪೆಟ್ಟಿಗೆ) ನಡೆಯುತ್ತದೆಯೇ? ಮಾಡಿ ನೋಡಿದವರೇ ಹೇಳಿ. ಹಣ ಬೇಡ, ಸಲಹೆ ಸಾಕು.