ಪುಟ್ಟಿಯ ಅನಿಮೇಷನ್ ಕೋರ್ಸ್ ಬಗ್ಗೆ, ಸ್ವಲ್ಪ ಉದ್ದವಾಯಿತು

ಅಕ್ಕ, ಭಾವ, ಮಾವ, ಎಲ್ಲರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಇಷ್ಟೆಲ್ಲ ಟೈಪ್ ಮಾಡಲು ನನ್ನ ಕೈಯಲ್ಲಿ ಆಗುವುದಿಲ್ಲ, ಮಾತಾಡಿಬಿಡುತ್ತೇನೆ. ಉದ್ದ ಅನಿಸಿದರೆ ಸ್ಪೀಡ್ ಹೆಚ್ಚು ಮಾಡಿಕೊಂಡು ಕೇಳಿ, ನನಗೇನೂ ಬೇಜಾರಿಲ್ಲ.

ಪುಟ್ಟಿಗೆ ಅನಿಮೇಷನ್ ಸ್ಕೂಲ್ ಸೇರಬೇಕಂತೆ. ಭಾವ ನಿನ್ನೆ ಆ ಸ್ಕೂಲಿನ ಬ್ರೋಷರ್ ಫೋಟೋ ಹಾಕಿದ್ದರು. ಅದರಲ್ಲಿ 'ನಮ್ಮ ಹೆಮ್ಮೆಯ ಹಳೆ ವಿದ್ಯಾರ್ಥಿಗಳು' ಅಂತ ಹತ್ತು ನಗುಮುಖ. ಅದರ ಕೆಳಗೆ ಮಾವನ ಪ್ರಶ್ನೆ, 'ಬೊಂಬೆ ಬರೆದು ಯಾರಮ್ಮ ಉದ್ಧಾರ ಆಗಿದ್ದಾರೆ?' ಅಂತ. ಅಕ್ಕ ನನ್ನ ಹೆಸರು ಟ್ಯಾಗ್ ಮಾಡಿ ತಾನು ಸುಮ್ಮನಾಗಿದ್ದಾಳೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು ಈ ಗುಂಪಿನಲ್ಲಿ ನಾನೊಬ್ಬಳೇ ಅಲ್ವಾ. ಸರಿ, ಹೇಳುತ್ತೇನೆ.

ಮಾವ, ಮೊದಲು ನಿಮ್ಮ ಪ್ರಶ್ನೆ. ಉದ್ಧಾರ ಆದವರು ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಆರ್ಟ್ಸ್ ಅಂತ ಒಂದು ಕಾಲೇಜಿದೆ, ವಾಲ್ಟ್ ಡಿಸ್ನಿ ಮುಂದೆ ನಿಂತು ಹುಟ್ಟುಹಾಕಿದ್ದು. ಅಲ್ಲಿ 1975ರಲ್ಲಿ ಕ್ಯಾರೆಕ್ಟರ್ ಅನಿಮೇಷನ್ ಕೋರ್ಸ್ ಶುರುವಾಯಿತು. ಡಿಸ್ನಿ ಸ್ಟುಡಿಯೋದ ಪಳಗಿದ ಕಲಾವಿದರಿಗೆ ವಯಸ್ಸಾಗುತ್ತಿತ್ತು. ಅವರ ವಿದ್ಯೆ ಅವರ ಜೊತೆಗೇ ಮುಗಿದುಹೋಗಬಾರದು ಅನ್ನುವ ಯೋಚನೆ. ಮೊದಲ ಕೆಲವು ವರ್ಷಗಳಲ್ಲಿ ಅಲ್ಲಿ ಕಲಿತವರು ಯಾರು ಗೊತ್ತಾ? ಜಾನ್ ಲ್ಯಾಸೆಟರ್, ಬ್ರ್ಯಾಡ್ ಬರ್ಡ್, ಟಿಮ್ ಬರ್ಟನ್, ಜಾನ್ ಮಸ್ಕರ್, ಹೆನ್ರಿ ಸೆಲಿಕ್. ಮುಂದೆ ಒಬ್ಬೊಬ್ಬರೂ ದೊಡ್ಡ ನಿರ್ದೇಶಕರಾದರು. ಅವರ ತರಗತಿ ನಡೆಯುತ್ತಿದ್ದ ಕೋಣೆಯ ನಂಬರು ಎ113. ಪುಟ್ಟಿಗೆ ಇದು ಗೊತ್ತಿರುತ್ತದೆ, ಕೇಳಿ ನೋಡಿ. ಪಿಕ್ಸಾರ್ ಅನ್ನುವ ಅನಿಮೇಷನ್ ಸ್ಟುಡಿಯೋದ ಚಿತ್ರಗಳಲ್ಲಿ ಆ ನಂಬರನ್ನು ಎಲ್ಲಾದರೂ ಒಂದು ಮೂಲೆಯಲ್ಲಿ ಬಚ್ಚಿಡುತ್ತಾರೆ. 1995ರ 'ಟಾಯ್ ಸ್ಟೋರಿ'ಯಲ್ಲಿ ಆಂಡಿ ಅನ್ನುವ ಹುಡುಗನ ಅಮ್ಮನ ಕಾರಿನ ನಂಬರ್ ಪ್ಲೇಟ್ ಮೇಲೆ ಅದೇ ಇದೆ.

ಬ್ರೋಷರ್ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಹತ್ತು ಮುಖ, ಹತ್ತು ಸಿನಿಮಾ ಹೆಸರು, ಬಂದು ಸೇರಿಕೊಳ್ಳಿ. ಆದರೆ ಕಾಲೇಜಿಗೂ ಆ ಫೋಟೋಗೂ ಮಧ್ಯೆ ಏನೇನಾಯಿತು ಅಂತ ಅದರಲ್ಲಿ ಯಾರೂ ಹಾಕುವುದಿಲ್ಲ.

ಲ್ಯಾಸೆಟರ್ ಕಥೆಯನ್ನೇ ನೋಡಿ. ಕಾಲೇಜಿನಲ್ಲಿ ಮಾಡಿದ ಚಿತ್ರಗಳಿಗೇ 1979 ಮತ್ತು 1980ರಲ್ಲಿ, ಎರಡು ವರ್ಷ ಸಾಲಾಗಿ, ವಿದ್ಯಾರ್ಥಿಗಳಿಗೆ ಕೊಡುವ ಅಕಾಡೆಮಿ ಪ್ರಶಸ್ತಿ ಗೆದ್ದವರು. ಡಿಸ್ನಿಯಲ್ಲಿ ಕೆಲಸವೂ ಸಿಕ್ಕಿತು. ಹಿನ್ನೆಲೆಯನ್ನು ಕಂಪ್ಯೂಟರ್‌ನಲ್ಲಿ ಮಾಡೋಣ, ಪಾತ್ರಗಳನ್ನು ಕೈಯಲ್ಲಿ ಬರೆದು ಅದರ ಮೇಲೆ ಕೂರಿಸೋಣ ಅಂತ ಒಂದು ಯೋಜನೆ ತೆಗೆದುಕೊಂಡು ದೊಡ್ಡವರ ಹತ್ತಿರ ಹೋದರು. ಅವರು ಒಪ್ಪಲಿಲ್ಲ. ಇವರ ಕೆಲಸವೂ ಹೋಯಿತು. ಆಮೇಲೆ 'ಸ್ಟಾರ್ ವಾರ್ಸ್' ಮಾಡಿದ ಲ್ಯೂಕಾಸ್‌ಫಿಲ್ಮ್ ಕಂಪನಿಯ ಕಂಪ್ಯೂಟರ್ ವಿಭಾಗ ಸೇರಿಕೊಂಡರು. 1986ರಲ್ಲಿ ಅದೇ ವಿಭಾಗ ಪಿಕ್ಸಾರ್ ಆಯಿತು. ಅಲ್ಲಿಂದ 'ಟಾಯ್ ಸ್ಟೋರಿ' ಬರಲು ಇನ್ನೂ ಒಂಬತ್ತು ವರ್ಷ.

ಬ್ರ್ಯಾಡ್ ಬರ್ಡ್ ಅವರದ್ದು ಇನ್ನೂ ಮಜಾ ಇದೆ. ಅವರನ್ನೂ ಡಿಸ್ನಿ ಮನೆಗೆ ಕಳಿಸಿತ್ತು. 1999ರಲ್ಲಿ 'ದಿ ಐರನ್ ಜೈಂಟ್' ಮಾಡಿದರು. ಈಗ ಎಲ್ಲರೂ ಹೊಗಳುವ ಚಿತ್ರ, ಬಿಡುಗಡೆ ಆದಾಗ ಥಿಯೇಟರ್‌ನಲ್ಲಿ ಮಕಾಡೆ ಮಲಗಿತು. ಆಮೇಲೆ ಅವರನ್ನು ಪಿಕ್ಸಾರ್‌ಗೆ ಕರೆದವರು ಯಾರು? ಹಳೆ ಕ್ಲಾಸ್‌ಮೇಟ್ ಲ್ಯಾಸೆಟರ್. ಅಲ್ಲಿ ಮಾಡಿದ 'ದಿ ಇನ್‌ಕ್ರೆಡಿಬಲ್ಸ್' 2004ರಲ್ಲಿ ಬಂತು, ಆಸ್ಕರ್ ತಂದಿತು. ಪಕ್ಕದಲ್ಲಿ ಕೂತು ಪಾಠ ಕೇಳಿದವನು ಇಪ್ಪತ್ತೈದು ವರ್ಷ ಆದಮೇಲೆ ನೆನಪಿಟ್ಟುಕೊಂಡು ಫೋನ್ ಮಾಡುತ್ತಾನೆ! ನಾನು ಈ ಕ್ಷೇತ್ರದಲ್ಲಿ ಕಂಡ ಅರ್ಧಕ್ಕರ್ಧ ಕೆಲಸ ಹೀಗೇ ಸಿಗುವುದು. ನನಗೆ ಸಿಕ್ಕ ಮೂರು ಕೆಲಸಗಳಲ್ಲಿ ಎರಡು ನನ್ನ ಬ್ಯಾಚ್‌ನವರು ಹೇಳಿ ಸಿಕ್ಕಿದ್ದು. ಭಾವ, ಅದಕ್ಕೇ ಸ್ಕೂಲ್ ನೋಡಲು ಹೋದಾಗ ಕಂಪ್ಯೂಟರ್ ಲ್ಯಾಬ್ ಎಷ್ಟು ದೊಡ್ಡದು ಅಂತ ನೋಡುತ್ತಾ ನಿಲ್ಲಬೇಡಿ. ಕ್ಲಾಸ್ ಮುಗಿದ ಮೇಲೂ ಮಕ್ಕಳು ಅಲ್ಲೇ ಕೂತು ಒಬ್ಬರ ಕೆಲಸ ಇನ್ನೊಬ್ಬರು ನೋಡುತ್ತಾರಾ, ಜಗಳ ಆಡುತ್ತಾರಾ, ಅದನ್ನು ನೋಡಿ.

ಇನ್ನೊಂದು, ಕೊನೇ ವರ್ಷ ಮಾಡುವ ಚಿತ್ರ. ನಮ್ಮಲ್ಲಿ ಡಿಗ್ರಿ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗಿಂದ ಒಬ್ಬರೂ ನನ್ನ ಮಾರ್ಕ್ಸ್ ಕೇಳಿಲ್ಲ. ಕೇಳುವುದು ಶೋರೀಲ್, ಅಂದರೆ ನಾವು ಮಾಡಿದ ಕೆಲಸದ ತುಣುಕುಗಳು. ನಿಕ್ ಪಾರ್ಕ್ ಅಂತ ಒಬ್ಬರು, ಜೇಡಿಮಣ್ಣಿನ ಬೊಂಬೆಗಳನ್ನು ಇಷ್ಟಿಷ್ಟೇ ಅಲುಗಾಡಿಸಿ ಫೋಟೋ ತೆಗೆದು ಚಿತ್ರ ಮಾಡುವವರು. ಬ್ರಿಟನ್‌ನ ಫಿಲ್ಮ್ ಸ್ಕೂಲಿನಲ್ಲಿ ಓದುವಾಗ 1982ರಲ್ಲಿ ಕೊನೆಯ ಪ್ರಾಜೆಕ್ಟ್ ಅಂತ ಒಂದು ಚಿತ್ರ ಶುರು ಮಾಡಿದರು. ಮುಗಿಯಲೇ ಇಲ್ಲ. ಆರ್ಡ್‌ಮನ್ ಸ್ಟುಡಿಯೋದವರು ಕೆಲಸವನ್ನೂ ಕೊಟ್ಟು, ಅದನ್ನು ಮುಗಿಸಲೂ ನೆರವಾದರು. ಕೊನೆಗೆ ಮುಗಿದಿದ್ದು 1989ರಲ್ಲಿ. ಪ್ರಾಜೆಕ್ಟ್ ಸಬ್ಮಿಟ್ ಮಾಡಲು ಏಳು ವರ್ಷ, ಊಹಿಸಿಕೊಳ್ಳಿ! ಅದೇ ವ್ಯಾಲೇಸ್ ಅನ್ನುವ ಮನುಷ್ಯ ಮತ್ತು ಗ್ರೋಮಿಟ್ ಅನ್ನುವ ಅವನ ನಾಯಿ, ಆ ಹೆಸರಾಂತ ಜೋಡಿಯ ಮೊದಲ ಚಿತ್ರ. 1991ರ ಆಸ್ಕರ್‌ನಲ್ಲಿ ಅದೂ ಸ್ಪರ್ಧೆಯಲ್ಲಿತ್ತು, ಅವರೇ ಮಾಡಿದ ಇನ್ನೊಂದು ಕಿರುಚಿತ್ರವೂ ಇತ್ತು. ಗೆದ್ದಿದ್ದು ಆ ಇನ್ನೊಂದು. ಅವರ ಚಿತ್ರವನ್ನು ಅವರ ಚಿತ್ರವೇ ಸೋಲಿಸಿತು.

ಡೋಮಿ ಶೀ ಹೆಸರು ಪುಟ್ಟಿ ಕೇಳಿರಬೇಕು. ಕೆನಡಾದ ಶೆರಿಡನ್ ಕಾಲೇಜಿನಲ್ಲಿ ಓದಿದವರು. 2011ರಲ್ಲಿ ಪಿಕ್ಸಾರ್‌ಗೆ ಸ್ಟೋರಿಬೋರ್ಡ್ ಇಂಟರ್ನ್ ಆಗಿ ಹೋದರು. ಸ್ಟೋರಿಬೋರ್ಡ್ ಅಂದರೆ ಇಡೀ ಸಿನಿಮಾವನ್ನು ಮೊದಲು ಕಾಮಿಕ್ಸ್ ಥರ ಚೌಕಚೌಕವಾಗಿ ಬರೆದು ನೋಡುವುದು. ಅಲ್ಲಿ ವರ್ಷಗಟ್ಟಲೆ ಬೇರೆಯವರ ಸಿನಿಮಾಕ್ಕೆ ಬರೆದರು. ಬರೆದದ್ದರಲ್ಲಿ ಎಷ್ಟೋ ಕಸದ ಬುಟ್ಟಿಗೆ ಹೋಗುತ್ತದೆ, ಅದು ಆ ಕೆಲಸದ ಗುಣವೇ ಹಾಗೆ. 2018ರಲ್ಲಿ ತಮ್ಮದೇ ಕಿರುಚಿತ್ರ 'ಬಾವ್' ಮಾಡಿದರು. ಪಿಕ್ಸಾರ್‌ನಲ್ಲಿ ಕಿರುಚಿತ್ರ ನಿರ್ದೇಶಿಸಿದ ಮೊದಲ ಹೆಣ್ಣುಮಗಳು ಅವರೇ. ಅದಕ್ಕೆ ಆಸ್ಕರ್ ಬಂತು. 2022ರಲ್ಲಿ ಪೂರ್ತಿ ಸಿನಿಮಾ. ಇಂಟರ್ನ್‌ನಿಂದ ಅಲ್ಲಿಯವರೆಗೆ ಹನ್ನೊಂದು ವರ್ಷ. ಇದು ಬೇಗ ಮೇಲೆ ಬಂದವರ ಲೆಕ್ಕ, ಮಾವ.

ಹಾಂ, ಮಕ್ಕಳು ಕೇಳುತ್ತಿದ್ದರೆ ಅವರಿಗೊಂದು. ಮಿನಿಯನ್ ಅನ್ನುವ ಹಳದಿ ಪುಟಾಣಿಗಳು ಬಡಬಡ ಅಂತ ಮಾತಾಡುತ್ತವಲ್ಲ, ಆ ದನಿ ಪಿಯರ್ ಕಾಫಿನ್ ಅವರದ್ದು. 2010ರ 'ಡೆಸ್ಪಿಕಬಲ್ ಮಿ'ಯ ಇಬ್ಬರು ನಿರ್ದೇಶಕರಲ್ಲಿ ಒಬ್ಬರು. ಪ್ಯಾರಿಸ್‌ನ ಗೋಬ್ಲಾಂ ಶಾಲೆಯಲ್ಲಿ ಕಲಿತವರು.

ಈಗ ಬ್ರೋಷರ್‌ನಲ್ಲಿ ಇಲ್ಲದವರ ಮಾತು. ಅಕ್ಕ, ಇದನ್ನು ಸ್ವಲ್ಪ ಗಮನ ಇಟ್ಟು ಕೇಳು.

ಸಿನಿಮಾ ಮುಗಿದ ಮೇಲೆ ಹೆಸರುಗಳು ಬರುತ್ತವಲ್ಲ, ಎಲ್ಲರೂ ಎದ್ದು ಹೋಗುವಾಗ, ಅಲ್ಲಿ ಇರುವವರು ನಾವು. ಒಬ್ಬರು ಪಾತ್ರದ ಆಕಾರ ಮಾಡುತ್ತಾರೆ, ಅದು ಮಾಡೆಲಿಂಗ್. ಒಬ್ಬರು ಅದರೊಳಗೆ ಮೂಳೆ, ಕೀಲು ಜೋಡಿಸುತ್ತಾರೆ, ಅದು ರಿಗ್ಗಿಂಗ್. ಬಟ್ಟೆ, ಕೂದಲು, ನೀರು, ಹೊಗೆ ಇವುಗಳಿಗೆ ಬೇರೆ ಜನ. ನಾನು ಮಾಡುವುದು ಲೈಟಿಂಗ್. ಬೆಳಕು ಎಲ್ಲಿಂದ ಬೀಳಬೇಕು, ನೆರಳು ಎಷ್ಟು ಮೆತ್ತಗಿರಬೇಕು ಅಂತ. ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ. ದೊಡ್ಡ ಸಿನಿಮಾದಲ್ಲಿ ಪಾತ್ರಕ್ಕೆ ಜೀವ ಕೊಡುವ ಅನಿಮೇಟರ್ ವಾರವಿಡೀ ಕೂತರೂ ಕೆಲವೇ ಸೆಕೆಂಡು ಮುಗಿಯುತ್ತದೆ. ನನ್ನ ಬ್ಯಾಚ್‌ನಲ್ಲಿ ರಿಗ್ಗಿಂಗ್ ಮಾಡುವವಳೊಬ್ಬಳಿದ್ದಾಳೆ. ನಿರ್ದೇಶಕಿ ಆಗುವ ಆಸೆ ಅವಳಿಗೆ ಯಾವತ್ತೂ ಇರಲಿಲ್ಲ. ಮೊಣಕೈ ಮಡಚಿದಾಗ ಚರ್ಮ ಸರಿಯಾಗಿ ಸುಕ್ಕಾಗಬೇಕು, ಅಷ್ಟೇ ಅವಳ ತಲೆಬಿಸಿ. ಎರಡು ಸ್ಟುಡಿಯೋದವರು ಅವಳಿಗಾಗಿ ಕಿತ್ತಾಡಿದ್ದಾರೆ. ಇನ್ನೊಬ್ಬ ಗೇಮ್ ಕಂಪನಿಯಲ್ಲಿದ್ದಾನೆ. ಇನ್ನೊಬ್ಬ ವೈದ್ಯ ವಿದ್ಯಾರ್ಥಿಗಳಿಗೆ ಹೃದಯದ ಕವಾಟ ಹೇಗೆ ತೆರೆದು ಮುಚ್ಚುತ್ತದೆ ಅಂತ ತೋರಿಸುವ ವೀಡಿಯೋ ಮಾಡುತ್ತಾನೆ, ನಮ್ಮೆಲ್ಲರಿಗಿಂತ ನೆಮ್ಮದಿಯಾಗಿ ಇರುವವನು ಅವನೇ. ಇಬ್ಬರು ಬಿಟ್ಟುಹೋದರು. ಅವರು ದಡ್ಡರಲ್ಲ, ಅದರಲ್ಲಿ ಒಬ್ಬನಷ್ಟು ಚೆನ್ನಾಗಿ ಚಿತ್ರ ಬರೆಯುವವನನ್ನು ನಾನು ಇನ್ನೂ ನೋಡಿಲ್ಲ. ಬೇಸತ್ತುಹೋದರು.

ಬೇಸರ ಬರುವ ಕಾರಣವನ್ನೂ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನಬಾರದು. ನಾನು ಮೊದಲು ಸೇರಿದ ಕಡೆ ಡೆಡ್‌ಲೈನ್ ಹತ್ತಿರ ಬಂದರೆ ವಾರದ ರಜೆ ಇರುತ್ತಿರಲಿಲ್ಲ, ಅದಕ್ಕೆ ಹೆಚ್ಚಿನ ಹಣವೂ ಇಲ್ಲ. ಪ್ರಾಜೆಕ್ಟ್ ಮುಗಿದ ತಕ್ಷಣ ಅರ್ಧ ಜನ ಹೊರಗೆ. ಹೆಸರಾಂತ ಜಾಗಗಳೂ ಗಟ್ಟಿ ಅನ್ನಲು ಬರುವುದಿಲ್ಲ. ರಿದಮ್ ಅಂಡ್ ಹ್ಯೂಸ್ ಅಂತ ಒಂದು ಕಂಪನಿ, 'ಲೈಫ್ ಆಫ್ ಪೈ'ಯಲ್ಲಿ ಆ ಹುಲಿಯನ್ನು ಮಾಡಿದವರು. 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿದರು. ಅದೇ ತಿಂಗಳು ಅದೇ ಕೆಲಸಕ್ಕೆ ಆಸ್ಕರ್ ಬಂತು. 'ಐಸ್ ಏಜ್' ಚಿತ್ರಗಳನ್ನು ಮಾಡಿದ ಬ್ಲೂ ಸ್ಕೈ 2021ರಲ್ಲಿ ಬಾಗಿಲು ಹಾಕಿತು. ಎಐ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಹೊಸಬರು ಒಳಗೆ ಬರುತ್ತಿದ್ದ ಬಾಗಿಲುಗಳು, ಅಂದರೆ ಒರಟು ಗೆರೆಗಳನ್ನು ತಿದ್ದಿ ಬರೆಯುವ ಕ್ಲೀನಪ್, ಒಂದೊಂದು ಫ್ರೇಮಿನಲ್ಲೂ ಆಕೃತಿಯ ಅಂಚು ಗುರುತಿಸುವ ರೋಟೋ ಥರದ ಬೇಸರದ ಕೆಲಸಗಳು, ಮೊದಲು ಮೆಷಿನ್ ಪಾಲಾಗುತ್ತಿವೆ. ಅದು ದೊಡ್ಡ ಕಥೆ, ಇನ್ನೊಂದು ದಿನ.

ಆದರೆ ಸ್ಟುಡಿಯೋ ಮುಚ್ಚಿದಲ್ಲಿಗೆ ಎಲ್ಲ ಮುಗಿಯುವುದಿಲ್ಲ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಒಂದು ದೊಡ್ಡ ಅನಿಮೇಷನ್ ಸ್ಟುಡಿಯೋ ಇತ್ತು, ಅದಕ್ಕೆ ಜನ ಬೇಕು ಅಂತಲೇ ಬ್ಯಾಲಿಫರ್ಮಟ್ ಕಾಲೇಜಿನಲ್ಲಿ ಕೋರ್ಸ್ ಶುರುವಾಗಿತ್ತು. ತೊಂಬತ್ತರ ದಶಕದ ಮಧ್ಯದಲ್ಲಿ ಆ ಸ್ಟುಡಿಯೋನೇ ಮುಚ್ಚಿಹೋಯಿತು. ಅದೇ ಕಾಲೇಜಿನಲ್ಲಿ ಕಲಿತ ಟಾಮ್ ಮೂರ್, ನೋರಾ ಟೂಮಿ ಮತ್ತು ಗೆಳೆಯರು 1999ರಲ್ಲಿ ಕಿಲ್ಕೆನಿ ಅನ್ನುವ ಸಣ್ಣ ಊರಿನಲ್ಲಿ ತಮ್ಮದೇ ಕಾರ್ಟೂನ್ ಸಲೂನ್ ತೆರೆದರು. ಮೊದಲ ಪೂರ್ತಿ ಸಿನಿಮಾ ಬರಲು 2009 ಆಯಿತು. ಅವರ ಮೊದಲ ನಾಲ್ಕು ಸಿನಿಮಾಗಳೂ ಆಸ್ಕರ್ ಸ್ಪರ್ಧೆಗೆ ಹೋದವು. ಇಲ್ಲಿಯೂ ಅದೇ ನೋಡಿ, ಕಾಲೇಜಿನ ಬೆಂಚಿನಲ್ಲಿ ಪಕ್ಕ ಕೂತವರು.

ಮಾವ ಈಗ ಕೇಳುತ್ತೀರಿ, 'ಸ್ಕೂಲಿಗೇ ಹೋಗದೆ ಗೆದ್ದವರು ಇಲ್ವಾ?' ಇದ್ದಾರೆ. ಜಪಾನಿನ ದೊಡ್ಡ ಅನಿಮೇಷನ್ ನಿರ್ದೇಶಕ ಮಿಯಾಝಾಕಿ ಓದಿದ್ದು ರಾಜಕೀಯ ಮತ್ತು ಅರ್ಥಶಾಸ್ತ್ರ. ಲಾಟ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ತಾವೇ ಕಲಿತವರು. ಬ್ಲೆಂಡರ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮಾಡಿದ ಅವರ 'ಫ್ಲೋ' 2025ರಲ್ಲಿ ಆಸ್ಕರ್ ಗೆದ್ದಿತು. ಸಾಫ್ಟ್‌ವೇರ್ ಕಲಿಯಲು ಮಾತ್ರ ಅಂದರೆ ಸ್ಕೂಲ್ ಬೇಡವೇ ಬೇಡ, ಮನೆಯಲ್ಲೇ ಆಗುತ್ತದೆ. ಆದರೆ ಪುಟ್ಟಿ ಹತ್ತು ಕೆಲಸ ಶುರು ಮಾಡಿ ಒಂದೂ ಮುಗಿಸದ ಹುಡುಗಿ. ಬೈಯಬೇಡ ಅಕ್ಕ, ನಾನೂ ಹಾಗೇ ಇದ್ದೆ. ನನ್ನಿಂದ ಮುಗಿಸಿಸಿದ್ದು ಸ್ಕೂಲೇ. ನನ್ನ ಮೊದಲ ಶೋರೀಲ್ ನಾಲ್ಕು ನಿಮಿಷ ಇತ್ತು, ಸಂಗೀತ, ಟೈಟಲ್ ಎಲ್ಲ ಹಾಕಿದ್ದೆ. ಪಾಠ ಮಾಡುತ್ತಿದ್ದ ಮೇಡಂ ಇಪ್ಪತ್ತು ಸೆಕೆಂಡು ನೋಡಿ ನಿಲ್ಲಿಸಿದರು. 'ಒಳ್ಳೆಯದು ಯಾವುದೋ ಅದನ್ನು ಮೊದಲು ಇಡು, ಮಿಕ್ಕಿದ್ದು ಕಿತ್ತುಹಾಕು' ಅಂದರು. ಬಾತ್‌ರೂಮಿಗೆ ಹೋಗಿ ಅತ್ತೆ. ಆಮೇಲೆ ಕಿತ್ತುಹಾಕಿದೆ. ಐವತ್ತು ಸೆಕೆಂಡು ಉಳಿಯಿತು, ಅದರ ಮೇಲೆ ಕೆಲಸ ಸಿಕ್ಕಿತು.

ಹಾಗಾಗಿ ಭಾವ, ಆ ಸ್ಕೂಲಿನವರಿಗೆ ಫೋನ್ ಮಾಡಿದಾಗ ಆ ಹತ್ತು ಜನರ ಬಗ್ಗೆ ಕೇಳಬೇಡಿ. ಹೋದ ವರ್ಷದ ಇಡೀ ಬ್ಯಾಚ್‌ನ ಶೋರೀಲ್ ತೋರಿಸಿ ಅನ್ನಿ, ಒಬ್ಬರನ್ನೂ ಬಿಡದೆ. ಮಧ್ಯದ ಮಕ್ಕಳ ಕೆಲಸ ಹೇಗಿದೆ ನೋಡೋಣ. ಮೂರು ವರ್ಷದ ಹಿಂದೆ ಮುಗಿಸಿದವರು ಈಗಲೂ ಇದೇ ಕ್ಷೇತ್ರದಲ್ಲಿ ಇದ್ದಾರಾ ಅಂತ ಕೇಳಿ, ಮೊದಲ ಕೆಲಸ ಯಾರಿಗಾದರೂ ಹೇಗೋ ಸಿಗುತ್ತದೆ. ಪಾಠ ಮಾಡುವವರು ಕೊನೆಯ ಸಲ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದು ಯಾವಾಗ ಅಂತಲೂ ಕೇಳಿ. ಮತ್ತೆ, ಬ್ರೋಷರ್‌ನಲ್ಲಿ 'ಇಂಥ ಸಿನಿಮಾಕ್ಕೆ ಕೆಲಸ ಮಾಡಿದ್ದಾರೆ' ಅಂತ ಇದೆಯಲ್ಲ, ಅದು ಸಿನಿಮಾ ಪೂರ್ತಿ ದುಡಿದಿದ್ದೂ ಆಗಿರಬಹುದು, ಎರಡು ಶಾಟ್‌ನಲ್ಲಿ ನಟರನ್ನು ನೇತುಹಾಕಿದ ತಂತಿ ಕಾಣದಂತೆ ಅಳಿಸಿದ್ದೂ ಆಗಿರಬಹುದು. ತಂತಿ ಅಳಿಸುವುದು ಕೀಳು ಅಂತಲ್ಲ, ನಾನೂ ಅಳಿಸಿದ್ದೇನೆ. ಏನು ಮಾಡಿದರು ಅಂತ ಬಾಯಿ ಬಿಟ್ಟು ಹೇಳಲಿ ಅಷ್ಟೆ.

ಪುಟ್ಟಿ, ನೀನೂ ಕೇಳುತ್ತಿದ್ದೀಯ ಅಂತ ಗೊತ್ತು. ಒಂದು ಕೆಲಸ ಕೊಡುತ್ತೇನೆ. ಎರಡು ಚೆಂಡು ನೆಲಕ್ಕೆ ಬೀಳಬೇಕು. ಒಂದು ಕಬ್ಬಿಣದ್ದು, ಒಂದು ಬಲೂನು. ಎರಡೂ ಒಂದೇ ಅಳತೆ, ಬಣ್ಣ ಹಾಕುವಂತಿಲ್ಲ, ಸದ್ದು ಇಲ್ಲ. ಬೀಳುವ ರೀತಿಯಲ್ಲೇ ಯಾವುದು ಯಾವುದು ಅಂತ ಗೊತ್ತಾಗಬೇಕು. ಪೇಪರಿನಲ್ಲಿ ಬರೆದು ಫೋನ್‌ನಲ್ಲಿ ಫೋಟೋ ತೆಗೆದರೂ ಆಯಿತು. ಹತ್ತು ದಿನ ಟೈಮ್. ಮುಗಿಸಿ ನನಗೊಬ್ಬಳಿಗೇ ಕಳಿಸು. ಈ ಗುಂಪಿಗೆ ಹಾಕಬೇಡ, ಇಲ್ಲಿ ಎಲ್ಲರೂ ನೋಡದೆಯೇ ಚಪ್ಪಾಳೆ ಒತ್ತುತ್ತಾರೆ.