ಮಳೆ ಬಿಟ್ಟ ಮೇಲೆ ಬಿಡುವಿಲ್ಲದ ಪಂದ್ಯಗಳು: ಈ ಸಲದ ವೇಳಾಪಟ್ಟಿ ನಮ್ಮ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಭಾರವಾಗುವುದೇ?

ತುಂಗಾತೀರ:

ಮಾನ್ಯರೇ, ನಾನು ಶಿವಮೊಗ್ಗದ ಪದವಿ ಕಾಲೇಜೊಂದರ ಹಳೆಯ ವಿದ್ಯಾರ್ಥಿ. ಎಂದೂ ತಂಡದಲ್ಲಿ ಆಡಿದವನಲ್ಲ, ಅಂಕಣದ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಕೂಗುತ್ತಿದ್ದವನು; ಆ ಕೆಲಸವನ್ನು ಈಗಲೂ ಬಿಟ್ಟಿಲ್ಲ. ಈ ವರ್ಷ ನಮ್ಮ ಪುರುಷರ ತಂಡ ಆಡಲಿರುವ ಪಂದ್ಯಗಳ ಪಟ್ಟಿ ಕೈಗೆ ಬಂದಾಗಿನಿಂದ ನಮ್ಮ ಗೆಳೆಯರಲ್ಲಿ ಎರಡು ಪಕ್ಷಗಳಾಗಿವೆ.

ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಕಾಲೇಜೊಂದು ನಡೆಸುವ ಆಹ್ವಾನಿತ ಪಂದ್ಯಾವಳಿ ಇದೆ. ಅದು ಮುಗಿಯುತ್ತಲೇ ಘಟ್ಟ ಇಳಿದು ಮಂಗಳೂರಿನಲ್ಲಿ ಮತ್ತೊಂದು. ಅದೇ ಸುಮಾರಿಗೆ ದಸರಾ ಕ್ರೀಡಾಕೂಟದ ಜಿಲ್ಲಾ ಮಟ್ಟದ ಆಯ್ಕೆಯೂ ಬರುವುದರಿಂದ ನಮ್ಮ ತಂಡದ ಮುಖ್ಯ ಆಟಗಾರರಲ್ಲಿ ಕೆಲವರನ್ನಾದರೂ ಅಲ್ಲಿಗೆ ಬಿಟ್ಟುಕೊಡಬೇಕಾಗುತ್ತದೆ. ಇದಾದ ಮೇಲೆ ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ, ಅಲ್ಲಿ ಆಯ್ಕೆಯಾದವರಿಗೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ, ಅದರ ಬೆನ್ನಿಗೆ ಸೆಮಿಸ್ಟರ್ ಪರೀಕ್ಷೆ. ಕಳೆದ ವರ್ಷದ ತಂಡದ ಹಿರಿಯರು ಪದವಿ ಮುಗಿಸಿ ಹೊರಟಿದ್ದಾರೆ. ಈಗ ಇರುವವರಲ್ಲಿ ಹೆಚ್ಚಿನವರು ಮೊದಲ ವರ್ಷದವರು. ಇಂಥ ತಂಡವನ್ನು ಆರಂಭದಲ್ಲೇ ಬೆಂಗಳೂರಿನ ಬಲಿಷ್ಠ ತಂಡಗಳ ಮುಂದೆ ನಿಲ್ಲಿಸುವುದು ಸರಿಯೇ, ಅಥವಾ ಸುಲಭದ ಎದುರಾಳಿಗಳೊಡನೆ ಆಡಿಸಿ ಧೈರ್ಯ ತುಂಬಿಸಿದ ಮೇಲೆ ಕರೆದೊಯ್ಯುವುದು ಮೇಲೇ? ಆಡಿದವರು, ಆಡಿಸಿದವರು ದಯವಿಟ್ಟು ತಿಳಿಸಬೇಕು.

ಹಳೇ ಸೆಂಟರ್:

ತುಂಗಾತೀರ ಅವರೇ, ನಿಮ್ಮ ಪಟ್ಟಿಯಲ್ಲಿ ನನಗೆ ಕಷ್ಟವಾಗಿ ಕಂಡದ್ದು ಬೆಂಗಳೂರಲ್ಲ; ಬೆಂಗಳೂರಿಗೂ ಮಂಗಳೂರಿಗೂ ನಡುವೆ ಬಿಡುವೇ ಇಲ್ಲದಿರುವುದು. ಎದುರಾಳಿಯ ಹೆಸರು ನೋಡಿ ವೇಳಾಪಟ್ಟಿಯನ್ನು ಅಳೆಯುವ ಅಭ್ಯಾಸ ನಮ್ಮಲ್ಲಿದೆ. ಆಡುವವನಿಗಾದರೋ ಹಿಂದಿನ ಪಂದ್ಯ ಎಂದು ಮುಗಿಯಿತು, ರಾತ್ರಿ ಎಲ್ಲಿ ಮಲಗಿದೆ, ಬೆಳಿಗ್ಗೆ ಎಂಥ ನೆಲದ ಮೇಲೆ ಓಡಬೇಕು ಎಂಬ ಈ ಮೂರು ಸಂಗತಿಗಳೇ ಹೆಚ್ಚು ಕಾಡುತ್ತವೆ.

ನೆಲದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಕಾಲೇಜು ಅಂಕಣಗಳು ಹೆಚ್ಚಾಗಿ ಬಯಲಿನ ಸಿಮೆಂಟಿನವು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಪೂರ್ತಿ ಬಿಡುವುದಿಲ್ಲ, ರಿಂಗಿನ ಕೆಳಗೆ ಪಾಚಿ ಕಟ್ಟುತ್ತದೆ. ಹುಡುಗರು ಬ್ಲೀಚಿಂಗ್ ಪೌಡರ್ ಎರಚಿ, ಕಡ್ಡಿಪೊರಕೆಯಿಂದ ತಿಕ್ಕಿ, ಗೋಣಿಚೀಲ ಎಳೆದು ನೀರು ಹೀರಿಸಿ ಆಟಕ್ಕೆ ಇಳಿಯುವಷ್ಟರಲ್ಲಿ ಮತ್ತೆ ಮೋಡ ಕವಿದಿರುತ್ತದೆ. ಒದ್ದೆಯಾದ ಚೆಂಡು ತೂಕ ಬರುತ್ತದೆ, ಪುಟಿಯುವುದೂ ಕಡಿಮೆ. ಜಾರುವ ಭಯಕ್ಕೆ ಹುಡುಗರು ಓಡುತ್ತ ಓಡುತ್ತ ಗಕ್ಕನೆ ನಿಂತು ಶೂಟ್ ಮಾಡುವುದನ್ನೇ ಮರೆತು, ನಿಂತಲ್ಲಿಂದ ಎಸೆಯುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಇಂಥ ತಂಡ ಬೆಂಗಳೂರಿನ ಒಳಾಂಗಣ ಕ್ರೀಡಾಂಗಣದ ಮರದ ನೆಲಕ್ಕೆ ಕಾಲಿಟ್ಟಾಗ ಮೊದಲ ಕ್ವಾರ್ಟರಿನ ಹತ್ತು ನಿಮಿಷ ನೆಲದೊಡನೆಯೇ ಹೋರಾಡುತ್ತದೆ, ಎದುರಾಳಿಯೊಡನಲ್ಲ. ಆ ಹತ್ತು ನಿಮಿಷವನ್ನು ಎಲ್ಲಾದರೂ ಕಳೆದುಕೊಳ್ಳಲೇಬೇಕೆಂದಾದರೆ, ಸೋತರೂ ಏನೂ ಹೋಗದ ಆಹ್ವಾನಿತ ಪಂದ್ಯಾವಳಿಯಲ್ಲಿ ಕಳೆದುಕೊಳ್ಳುವುದೇ ಲೇಸು.

ಏಕೆಂದರೆ ಮುಂದೆ ಬರುವುದು ಸೋಲಿಗೆ ಎಡೆಯಿಲ್ಲದ ಪದ್ಧತಿ. ದಕ್ಷಿಣ ವಲಯದಲ್ಲಿ ನಾಕೌಟ್ ಕಮ್ ಲೀಗ್ ಎನ್ನುತ್ತಾರೆ: ನಾಕೌಟಿನಲ್ಲಿ ಉಳಿದ ನಾಲ್ಕು ತಂಡಗಳು ಮಾತ್ರ ಲೀಗ್ ಆಡುತ್ತವೆ, ಆ ನಾಲ್ಕಕ್ಕೇ ಅಖಿಲ ಭಾರತ ಮಟ್ಟಕ್ಕೆ ದಾರಿ. ಮದ್ರಾಸ್ ವಿಶ್ವವಿದ್ಯಾಲಯ, ಎಸ್‌ಆರ್‌ಎಂ, ನಮ್ಮದೇ ರಾಜ್ಯದ ಜೈನ್ ಮೊದಲಾದ ಹೆಸರಾಂತ ತಂಡಗಳಲ್ಲಿ ಯಾವುದು ಯಾವ ಸುತ್ತಿನಲ್ಲಿ ಎದುರಾಗುವುದೋ ಡ್ರಾ ಬರುವ ತನಕ ಹೇಳಲಾಗದು. ಒಂದು ಕೆಟ್ಟ ಸಂಜೆ ಸಾಕು, ಮರುದಿನ ಊರಿನ ರೈಲು. ಆದ್ದರಿಂದ ಬೆಂಗಳೂರಿಗೆ ಹೋಗಲಿ, ದೊಡ್ಡ ಅಂತರದಲ್ಲೇ ಸೋಲಲಿ. ಮಂಗಳೂರನ್ನು ಮಾತ್ರ ಕೈಬಿಡಿ, ಇಲ್ಲವೇ ಅಲ್ಲಿಗೆ ಬೇರೆ ಹುಡುಗರನ್ನು ಕಳಿಸಿ.

ಎರಡನೇ ಸಾಲಿನವ:

ಹಳೇ ಸೆಂಟರ್ ಅವರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ದೊಡ್ಡ ಅಂತರದಲ್ಲಿ ಸೋಲಲಿ ಎಂದು ಮೆಟ್ಟಿಲ ಮೇಲೆ ಕುಳಿತವರು ಹೇಳುವುದು ಸುಲಭ. ಪಿಯುಸಿ ಮುಗಿಸಿ ಬಂದು ಹೊಸದಾಗಿ ಜೆರ್ಸಿ ತೊಟ್ಟ ಹುಡುಗ ಮೊದಲ ಪಂದ್ಯದಲ್ಲೇ ನಲವತ್ತು ಅಂಕಗಳಿಂದ ಸೋತರೆ, ಮಾರನೆಯ ವಾರ ಅವನ ಮನೆಯವರು ‘ಇದರಿಂದ ಏನು ಬಂತು’ ಎಂದು ಕೇಳುವ ಪ್ರಶ್ನೆಗೆ ಅವನಲ್ಲಿ ಉತ್ತರವಿರುವುದಿಲ್ಲ. ಶೇಕಡಾ 75ರ ಹಾಜರಾತಿಯ ಲೆಕ್ಕ ಬೇರೆ ತಲೆಯ ಮೇಲಿರುತ್ತದೆ. ಹಾಗೆ ಬಿಟ್ಟುಹೋದ ಎತ್ತರದ ಹುಡುಗರು ಪ್ರತಿಯೊಂದು ಕಾಲೇಜಿನಲ್ಲೂ ಇದ್ದಾರೆ, ಈಗ ವಾಲಿಬಾಲ್ ಆಡುತ್ತಿದ್ದಾರೆ.

ಹಾಗೆಂದು ತೀರಾ ದುರ್ಬಲ ತಂಡಗಳೊಡನೆ ಆಡಿಸಬೇಕೆಂದೂ ನಾನು ಹೇಳುವುದಿಲ್ಲ. ನಮ್ಮ ಊರಿನಲ್ಲೇ ಒಂದು ಅನುಕೂಲವಿದೆ, ಯಾರೂ ಅದನ್ನು ಬಳಸುವುದಿಲ್ಲ. ಶಿವಮೊಗ್ಗದ ಕಾಲೇಜುಗಳು ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದವಲ್ಲ. ಸಹ್ಯಾದ್ರಿ ಕಾಲೇಜು ಕುವೆಂಪು ವಿಶ್ವವಿದ್ಯಾಲಯದ್ದು, ಎಂಜಿನಿಯರಿಂಗ್ ಕಾಲೇಜಾದ ಜೆಎನ್‌ಎನ್‌ಸಿಇ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯದು, ವೈದ್ಯಕೀಯ ಕಾಲೇಜಾದ ಸಿಮ್ಸ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಇನ್ನು ಕೃಷಿ ಕಾಲೇಜಿನವರಿಗೆ ಕೆಳದಿ ಶಿವಪ್ಪ ನಾಯಕರ ಹೆಸರಿನ ಪ್ರತ್ಯೇಕ ವಿಶ್ವವಿದ್ಯಾಲಯವೇ ಇದೆ. ಹೀಗಾಗಿ ಕೂಗಳತೆಯಲ್ಲಿರುವ ಈ ತಂಡಗಳು ಅಂತರ ಕಾಲೇಜು ಪಂದ್ಯಾವಳಿಗಳಲ್ಲಿ ಪರಸ್ಪರ ಎದುರಾಗುವುದೇ ಇಲ್ಲ. ಎಂಜಿನಿಯರಿಂಗ್ ಕಾಲೇಜುಗಳಿಗೆ ಬೆಂಗಳೂರು, ಮೈಸೂರುಗಳಲ್ಲಿ ಶಾಲಾ ತಂಡಕ್ಕೆ ಆಡಿ ಬಂದ ಹುಡುಗರೂ ಸೇರಿಕೊಳ್ಳುತ್ತಾರೆ. ಆಗಸ್ಟ್‌ನಲ್ಲಿ ಮಳೆ ಬಿಟ್ಟ ಸಂಜೆಗಳಲ್ಲಿ ಇವರೊಡನೆ ಸ್ನೇಹಪಂದ್ಯ ಆಡಿಸಿದರೆ ಬಸ್ಸಿನ ಖರ್ಚಿಲ್ಲ, ಹಾಜರಾತಿಯ ತಂಟೆಯಿಲ್ಲ, ಎದುರಾಳಿಯೂ ಸುಲಭದವನಲ್ಲ. ಅದಾದ ಮೇಲೆ ಬೆಂಗಳೂರು.

ಇನ್ನೊಂದು ಮಾತು. ಸ್ಥಳೀಯ ಸ್ನೇಹಪಂದ್ಯಗಳಲ್ಲಿ ಫೌಲನ್ನು ಧಾರಾಳವಾಗಿ ಬಿಟ್ಟುಬಿಡುತ್ತೇವೆ. ಹೊರಗಿನ ರೆಫರಿ ಬಿಡುವುದಿಲ್ಲ. ಒಂದು ಕ್ವಾರ್ಟರಿನಲ್ಲಿ ತಂಡದ ಫೌಲು ನಾಲ್ಕು ದಾಟಿದರೆ ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಒಬ್ಬನೇ ಐದು ಮಾಡಿದರೆ ಅವನು ಹೊರಗೆ. ಹೊಸ ಹುಡುಗರು ಸೋಲುವುದು ಎದುರಾಳಿಯ ಶೂಟಿಂಗಿಗಿಂತ ಹೆಚ್ಚಾಗಿ ತಮ್ಮ ಕೈಗಳಿಂದಲೇ.

ಘಟ್ಟದ ಮೇಲಿನವ:

ನಾನು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲನ್ನು ಬಹುಕಾಲದಿಂದ ಹಿಂಬಾಲಿಸುವವನಾದ್ದರಿಂದ ಅಲ್ಲಿನ ಒಂದು ಕ್ರಮವನ್ನು ಇಲ್ಲಿ ಹೇಳಬಯಸುತ್ತೇನೆ. ಅಲ್ಲಿ ವೇಳಾಪಟ್ಟಿ ಎಷ್ಟು ಕಠಿಣ ಎಂಬುದಕ್ಕೇ ಬೆಲೆಯಿದೆ. ಪುರುಷರ ರಾಷ್ಟ್ರೀಯ ಪಂದ್ಯಾವಳಿಯನ್ನು 2011ರಲ್ಲಿ 68 ತಂಡಗಳಿಗೆ ವಿಸ್ತರಿಸಿದರು. ತಮ್ಮ ತಮ್ಮ ಲೀಗಿನಲ್ಲಿ ಗೆದ್ದು ನೇರವಾಗಿ ಬರುವ ತಂಡಗಳನ್ನು ಬಿಟ್ಟು ಉಳಿದವನ್ನು ಸಮಿತಿಯೊಂದು ಆರಿಸುತ್ತದೆ. ಆ ಆಯ್ಕೆಗೆ ನೆರವಾಗಲೆಂದು 2018–19ರ ಋತುವಿನಿಂದ ನೆಟ್ ಎಂಬ ಶ್ರೇಯಾಂಕ ಪದ್ಧತಿಯನ್ನು ಬಳಸುತ್ತಿದ್ದಾರೆ. ಅದರ ಆಧಾರದ ಮೇಲೆ ಪಂದ್ಯಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ತವರಿನಲ್ಲಿ ಆಡಿದರೆ ಮೊದಲ 30 ಸ್ಥಾನಗಳ ಎದುರಾಳಿ ಮಾತ್ರ ಮೊದಲ ವರ್ಗಕ್ಕೆ ಸೇರುತ್ತಾನೆ, ತಟಸ್ಥ ಸ್ಥಳದಲ್ಲಾದರೆ 50ರವರೆಗೆ, ಎದುರಾಳಿಯ ಊರಿಗೇ ಹೋಗಿ ಆಡಿದರೆ 75ರವರೆಗೆ. ಅಂದರೆ 60ನೆಯ ಸ್ಥಾನದ ತಂಡವೊಂದನ್ನು ಮನೆಯಲ್ಲಿ ಸೋಲಿಸಿದರೆ ಅದು ಎರಡನೆಯ ವರ್ಗದ ಗೆಲುವು. ಅದೇ ತಂಡವನ್ನು ಅದರ ಅಂಕಣದಲ್ಲೇ ಸೋಲಿಸಿದರೆ ಮೊದಲನೆಯ ವರ್ಗದ್ದು. ಯಾರೊಡನೆ ಆಡಿದಿರಿ ಎಂಬುದರ ಜೊತೆಗೆ ಎಲ್ಲಿ ಆಡಿದಿರಿ ಎಂಬುದನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ.

ನಮ್ಮಲ್ಲಿ ಈ ಲೆಕ್ಕವೇ ಇಲ್ಲ. ಬೆಂಗಳೂರಿನಲ್ಲಿ ಬಲಿಷ್ಠ ತಂಡಕ್ಕೆ ಎರಡೇ ಅಂಕಗಳಿಂದ ಸೋತದ್ದನ್ನು ಯಾವ ಸಮಿತಿಯೂ ಬರೆದಿಟ್ಟುಕೊಳ್ಳುವುದಿಲ್ಲ. ಕಷ್ಟದ ಪಂದ್ಯದಿಂದ ನಮಗೆ ಸಿಗುವುದು ಹುಡುಗರು ಅಲ್ಲಿ ಕಲಿತದ್ದು ಮಾತ್ರ. ಕಲಿಯುವಷ್ಟು ಬಿಡುವನ್ನು ಕೊಡದೆ ಮೂರು ಪಂದ್ಯಾವಳಿಗಳನ್ನು ಒತ್ತೊತ್ತಾಗಿ ಇಟ್ಟರೆ ಅದೂ ಸಿಗದು. ಆದಕಾರಣ ನನ್ನ ಮತವೂ ಒಂದೇ ಒಂದು ಹೊರಗಿನ ಪಂದ್ಯಾವಳಿಗೆ, ಅದೂ ಒಳಾಂಗಣದ್ದಕ್ಕೆ.

ಕೊಪ್ಪದ ಗಾರ್ಡ್:

ಸರ್, ಇಷ್ಟು ಹೊತ್ತೂ ಎಲ್ಲರೂ ಪುರುಷರ ತಂಡದ ಮಾತನ್ನೇ ಆಡಿದ್ದೀರಿ. ಮಹಿಳಾ ತಂಡದಲ್ಲಿ ಆಡಿದವಳಾಗಿ ನನಗೆ ಈ ಚರ್ಚೆ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಹೇಳಿದರೆ ತಪ್ಪು ತಿಳಿಯಬೇಡಿ. ನಿಮಗೆ ಪಂದ್ಯಗಳು ಹೆಚ್ಚಾದವೆಂಬ ಚಿಂತೆ, ನಮಗೆ ಪಂದ್ಯಗಳೇ ಇಲ್ಲವೆಂಬ ಚಿಂತೆ. ಅಂತರ ಕಾಲೇಜು ಮಟ್ಟದಲ್ಲಿ ಮಹಿಳೆಯರ ತಂಡಗಳು ಬೆರಳೆಣಿಕೆಯಷ್ಟು. ಬೈ ಸಿಕ್ಕಿದರೆ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವಂತಾದರೆ, ನೇರವಾಗಿ ಸೆಮಿಫೈನಲ್. ಎದುರಾಳಿ ತಂಡಕ್ಕೆ ಐದು ಜನರೂ ಸೇರದೆ ವಾಕ್ ಓವರ್ ಆದದ್ದೂ ಉಂಟು. ಹೀಗೆ ಬೆವರೇ ಬಾರದೆ ಟ್ರೋಫಿ ಎತ್ತಿ, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ದಕ್ಷಿಣ ವಲಯಕ್ಕೆ ಹೋದರೆ ಎದುರಿಗೆ ನಿಲ್ಲುವವರು ಕೇರಳದ ಹುಡುಗಿಯರು. ಭಾರತ ತಂಡದ ನಾಯಕಿಯಾಗಿದ್ದ ಗೀತು ಅನ್ನಾ ಜೋಸ್ ಅವರನ್ನು ಬೆಳೆಸಿದ ನಾಡು ಅದು, ಅಲ್ಲಿ ಕಾಲೇಜು ಹಾಸ್ಟೆಲಿನಲ್ಲೇ ಇಟ್ಟುಕೊಂಡು ಆಡಿಸುತ್ತಾರೆ. ಅವರು ಪೂರ್ತಿ ಅಂಕಣ ಪ್ರೆಸ್ ಹಾಕಿದರೆ, ಅಂದರೆ ಅಂಕಣದುದ್ದಕ್ಕೂ ಬೆನ್ನುಹತ್ತಿ ತಡೆದರೆ, ನಿಯಮದಂತೆ ಎಂಟು ಸೆಕೆಂಡಿನೊಳಗೆ ಚೆಂಡನ್ನು ಮಧ್ಯಗೆರೆ ದಾಟಿಸುವುದೇ ನಮಗೆ ಸಾಹಸವಾಗುತ್ತದೆ, ಏಕೆಂದರೆ ನಮ್ಮ ಮೇಲೆ ಅಂಥ ಪ್ರೆಸ್ಸನ್ನು ಯಾರೂ ಹಾಕಿಯೇ ಇರುವುದಿಲ್ಲ.

ಕಷ್ಟದ ವೇಳಾಪಟ್ಟಿ ಕೊಡಿ ಎಂದು ನಾವು ಕೇಳಿಯೂ ಪಡೆಯಲಾರೆವು. ಮಂಗಳೂರಿಗೆ ಪುರುಷರ ತಂಡ ಹೋಗುವುದು ಬೇಡವೆಂದಾದರೆ ಆ ಪ್ರವಾಸದ ಹಣವನ್ನು ಉಳಿಸಿಬಿಡಬೇಡಿ. ಅಲ್ಲಿ ಮಹಿಳೆಯರ ವಿಭಾಗವೂ ಇದೆಯೇ ಎಂದು ವಿಚಾರಿಸಿ, ಇದ್ದರೆ ನಮ್ಮ ಹುಡುಗಿಯರನ್ನು ಕಳಿಸಿ. ಮೂಡುಬಿದಿರೆ, ಮಂಗಳೂರುಗಳ ಕಾಲೇಜುಗಳಲ್ಲಿ ಕ್ರೀಡೆಗೆ ಒಳ್ಳೆಯ ಪೋಷಣೆಯಿದೆ, ಅಲ್ಲಿ ಪಂದ್ಯ ಖಂಡಿತ ಸುಲಭವಾಗದು. ನಮಗೆ ಬೇಕಾಗಿರುವುದು ಅದೇ.

ತುಂಗಾತೀರ:

ಎಲ್ಲರಿಗೂ ವಂದನೆಗಳು. ಕೊಪ್ಪದ ಗಾರ್ಡ್ ಅವರ ಸಲಹೆಯನ್ನು ದೈಹಿಕ ಶಿಕ್ಷಣ ನಿರ್ದೇಶಕರ ಮುಂದಿಟ್ಟಿದ್ದೇನೆ. ಮಹಿಳೆಯರ ವಿಭಾಗವಿರುವುದು ಖಚಿತವಾದರೆ ತಂಡದೊಡನೆ ಹೋಗಲು ಮಹಿಳಾ ಅಧ್ಯಾಪಕರೊಬ್ಬರು ಒಪ್ಪಬೇಕು, ಪ್ರಾಂಶುಪಾಲರು ಅನುಮತಿ ಕೊಡಬೇಕು ಎಂದು ಅವರು ಹೇಳಿದರು, ಬೇಡವೆನ್ನಲಿಲ್ಲ. ಪುರುಷರ ತಂಡ ಬೆಂಗಳೂರಿಗೆ ಮಾತ್ರ ಹೋಗುವುದು ಹೆಚ್ಚುಕಡಿಮೆ ನಿಶ್ಚಯವಾದಂತಿದೆ. ಜೆಎನ್‌ಎನ್‌ಸಿಇ ತಂಡದಲ್ಲಿ ಪರಿಚಯದವರಿದ್ದರೆ ಆಗಸ್ಟ್‌ನ ಸ್ನೇಹಪಂದ್ಯದ ಬಗ್ಗೆ ದಯವಿಟ್ಟು ಇಲ್ಲಿಯೇ ಬರೆಯಿರಿ.

ಹಳೇ ಸೆಂಟರ್:

ಸ್ನೇಹಪಂದ್ಯ ಗೊತ್ತಾದರೆ ಒಂದು ಸ್ಟಾಪ್‌ವಾಚನ್ನೂ ರೆಫರಿಯಾಗಲು ಹೊರಗಿನವರೊಬ್ಬರನ್ನೂ ಒದಗಿಸುವ ಹೊಣೆ ನನ್ನದು. ಚೆಂಡು ಕೈಗೆ ಬಂದ ಮೇಲೆ ಶೂಟ್ ಮಾಡಲು ಇರುವ 24 ಸೆಕೆಂಡುಗಳನ್ನು ತೋರಿಸುವ ಗಡಿಯಾರ ನಮ್ಮ ಅಂಕಣಗಳಲ್ಲಿಲ್ಲ, ಆದ್ದರಿಂದ ಹುಡುಗರು ಚೆಂಡನ್ನು ಬೇಕಾದಷ್ಟು ಹೊತ್ತು ಇಟ್ಟುಕೊಂಡು ಆಡುತ್ತಾರೆ. ಗೆರೆಯ ಹೊರಗೆ ನಿಂತು ಹತ್ತು, ಒಂಬತ್ತು, ಎಂಟು ಎಂದು ಕೂಗಲು ಗಟ್ಟಿ ಗಂಟಲಿನವರು ಒಬ್ಬರು ಬೇಕು. ತುಂಗಾತೀರ ಅವರೇ, ಆ ಕೆಲಸ ನಿಮಗೆ.