ಸಹಾಯ ಬೇಕು: ತಾತನ ಸೇನಾ ದಾಖಲೆ ಪಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಭಾರತೀಯ ಸೇನೆಯ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಕೇಂದ್ರ ಇದೆಯಲ್ಲ, ಅದೇ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್). ಈಗ ಅವರಿಲ್ಲ. ಬದುಕಿದ್ದಾಗ ಯುದ್ಧದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ "ಸೇತುವೆ ಕಟ್ತಿದ್ವಿ ಕಣಪ್ಪ" ಅಂತ ಹೇಳಿ ತೋಟದ ಕಡೆ ನಡೆದುಬಿಡುತ್ತಿದ್ದರು.

ಟ್ರಂಕಿನಲ್ಲಿ ಅವರ ಪದಕಗಳು ಸಿಕ್ಕಿವೆ. 1965ರ ಯುದ್ಧದ ಸಮರ ಸೇವಾ ಸ್ಟಾರ್, 1971ರ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ಅಂದರೆ ಎರಡು ಯುದ್ಧಗಳಲ್ಲೂ ಕೆಲಸ ಮಾಡಿದವರು! ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಮೆಡಲ್ ಅಂಚಿನಲ್ಲಿ ಅವರ ನಂಬರು, ಹೆಸರು ಕೆತ್ತಿದ್ದಾರೆ. ನಮ್ಮ ಹತ್ತಿರ ಇರುವ ಗಟ್ಟಿ ಸುಳಿವು ಅದೊಂದೇ.

ಊರಿನ ಶಾಲೆಯಲ್ಲಿ ಅವರ ಫೋಟೋ ಹಾಕಿ, ಕೆಳಗೆ ಸೇವೆಯ ವಿವರ ಬರೆಸಬೇಕು ಅಂತ ಆಸೆ. ಸುಮ್ನೆ ಅಂದಾಜಿನ ಮೇಲೆ ಬರೆಸಲು ಮನಸ್ಸಿಲ್ಲ. ಯಾವ ಕಂಪನಿ (ಸೇನಾ ತುಕಡಿ), ಎಲ್ಲಿ ಇದ್ದರು, ಯಾವಾಗ ನಿವೃತ್ತಿ, ಇಷ್ಟು ಸರಿಯಾಗಿ ಗೊತ್ತಾಗಬೇಕು. ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದೆವು, ಡಿಸ್ಚಾರ್ಜ್ ಬುಕ್ (ಸೇವೆ ಮುಗಿದಾಗ ಸೇನೆ ಕೊಡುವ ಪುಸ್ತಕ) ತನ್ನಿ ಅಂದರು. ಅದು ಮನೆ ಬದಲಿಸುವಾಗ ಕಳೆದುಹೋಗಿದೆ. ಅಜ್ಜಿಯೂ ಇಲ್ಲ, ಪಿಂಚಣಿ ಕಾಗದಗಳೂ ಸಿಗುತ್ತಿಲ್ಲ. ರೆಕಾರ್ಡ್ಸ್ ಕಚೇರಿಗೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.

ಗೊಂದಲ ಇಲ್ಲೇ. ಕೆಲವರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಅಂತಾರೆ. ಇನ್ನು ಕೆಲವರು, ಅದು ವೈಯಕ್ತಿಕ ಮಾಹಿತಿ, ಮೊಮ್ಮಗನಿಗೆ ಕೊಡಲ್ಲ, ಮಗನೇ ಕೇಳಬೇಕು ಅಂತಾರೆ. ನಮ್ಮ ತಂದೆ ಇದ್ದಾರೆ, ಸಹಿ ಹಾಕಲು ಸಿದ್ಧ.

ಹೀಗೆ ದಾಖಲೆ ಪಡೆದವರು ಇಲ್ಲಿ ಇದ್ದೀರಾ? ಬರೀ ಸೇನಾ ನಂಬರಿನಿಂದ ತಂದೆಯ ಹೆಸರಲ್ಲಿ ಅರ್ಜಿ ಹಾಕಿದರೆ ಸಾಕಾ? ಜೊತೆಗೆ ಯಾವ ದಾಖಲೆಗಳನ್ನು ಲಗತ್ತಿಸಬೇಕು?